ತಾರೀಖನ್ನು ಮುಟ್ಟಬೇಡಿ, ಗಡಿ ಹಾಕಿ

ನ್ಯೂಯಾರ್ಕ್ ನಗರದ ಟ್ಯಾಕ್ಸಿ ಮತ್ತು ಲಿಮೊಸಿನ್ ಕಮಿಷನ್ ಪ್ರಕಟಿಸಿರುವ 2019ರ ಜನವರಿಯ ಹಳದಿ ಟ್ಯಾಕ್ಸಿಗಳ ಪಟ್ಟಿಯಲ್ಲಿ ಒಂದು ಸವಾರಿ ಹೊರಟಿರುವುದು 2088ರ ಜನವರಿ 24ರಂದು. ಇನ್ನೊಂದು 2001ರ ಫೆಬ್ರವರಿಯಲ್ಲೇ ಹೊರಟುಬಿಟ್ಟಿದೆ. ಯಾವುದೋ ಮೀಟರಿನ ಗಡಿಯಾರ ಹಾದಿ ತಪ್ಪಿರಬೇಕು. 76 ಲಕ್ಷಕ್ಕೂ ಹೆಚ್ಚು ಸಾಲುಗಳಿರುವ ಪಟ್ಟಿಯಲ್ಲಿ ಇಂಥ ನಾಲ್ಕಾರು ಸಾಲುಗಳಿಂದ ಏನಾದೀತು ಅನ್ನಿಸಬಹುದು. ಆಗುವುದಿದೆ, ಅದಕ್ಕೆ ಆಮೇಲೆ ಬರೋಣ.

ಈ ಕಮಿಷನ್ 2009ರಿಂದೀಚಿನ ಸವಾರಿಗಳ ವಿವರವನ್ನು ತಿಂಗಳಿಗೊಂದು ಕಡತದಂತೆ ಸಾರ್ವಜನಿಕರಿಗೆ ಬಿಟ್ಟುಕೊಟ್ಟಿದೆ. ಎಲ್ಲಿ ಹತ್ತಿದರು, ಎಲ್ಲಿ ಇಳಿದರು, ಎಷ್ಟು ಹೊತ್ತಿಗೆ, ಬಾಡಿಗೆ ಎಷ್ಟು, ಟಿಪ್ಸ್ ಎಷ್ಟು, ಎಲ್ಲ ಇದೆ, ಪ್ರಯಾಣಿಕರ ಹೆಸರಿಲ್ಲ. ಡೇಟಾಬೇಸ್ ಕೆಲಸ ಕಲಿಯುವವರು ಜಗತ್ತಿನಾದ್ಯಂತ ಇದನ್ನು ತಮ್ಮ ಕಂಪ್ಯೂಟರಿಗೆ ತುಂಬಿಕೊಂಡು ಕೈ ಪಳಗಿಸಿಕೊಳ್ಳುತ್ತಾರೆ. 2019ರ ಹನ್ನೆರಡು ಕಡತಗಳನ್ನು ಒಂದೇ ಟೇಬಲ್ಲಿಗೆ ಸುರಿದರೆ ಸಾಲುಗಳ ಸಂಖ್ಯೆ 8 ಕೋಟಿ ದಾಟುತ್ತದೆ. ಆಮೇಲೆ ಒಂದು ಸಾದಾ ಪ್ರಶ್ನೆ ಕೇಳಿ ನೋಡಿ: ಜನವರಿ 15ರಂದು ಎಷ್ಟು ಸವಾರಿ ಹೊರಟವು? ಕರ್ಸರ್ ಮಿನುಗುತ್ತಲೇ ಇರುತ್ತದೆ, ಉತ್ತರ ಬರುವುದಿಲ್ಲ.

ತಾರೀಖು ಬೆರೆಯದ ಪ್ರಶ್ನೆ ನಮ್ಮ ಕಚೇರಿ, ಅಂಗಡಿ, ಬ್ಯಾಂಕುಗಳಲ್ಲಿ ಹುಡುಕಿದರೂ ಸಿಗದು. ನಿನ್ನೆಯ ಕಲೆಕ್ಷನ್ ಎಷ್ಟು, ಹೋದ ತಿಂಗಳ ಬಿಲ್ ಯಾರು ಕಟ್ಟಿಲ್ಲ, ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಜಿಎಸ್‌ಟಿ ಲೆಕ್ಕ ಏನು. ಸಾಫ್ಟ್‌ವೇರ್ ಹೊಸದರಲ್ಲಿ ಚಿಟಿಕೆ ಹೊಡೆಯುವಷ್ಟರಲ್ಲಿ ಉತ್ತರ ಕೊಡುತ್ತದೆ. ಮೂರು ವರ್ಷ ಕಳೆಯುವಷ್ಟರಲ್ಲಿ ವರದಿಯ ಬಟನ್ ಒತ್ತಿ ಟೀ ಕುಡಿದು ಬರಬೇಕಾಗುತ್ತದೆ. ಆಗ ಸಾಮಾನ್ಯವಾಗಿ ಬರುವ ಸಲಹೆ, ಸರ್ವರ್ ಬದಲಿಸಿ, ರ್‍ಯಾಮ್ ಹಾಕಿಸಿ ಅಂತ. ದುಡ್ಡು ಖರ್ಚಾಗುತ್ತದೆ, ಕಾಯಿಲೆ ಅಲ್ಲೇ ಇರುತ್ತದೆ. ಹೆಚ್ಚಿನ ಸಲ ತಪ್ಪಿರುವುದು ಕ್ವೆರಿಯಲ್ಲಿ, ಅಂದರೆ ಡೇಟಾಬೇಸಿಗೆ ಬರೆದು ಕೇಳುವ ಪ್ರಶ್ನೆಯಲ್ಲಿ, ತಾರೀಖನ್ನು ಬರೆದ ರೀತಿ, ಇಲ್ಲವೇ ಅದಕ್ಕೆ ತಕ್ಕ ಇಂಡೆಕ್ಸ್ ಇಲ್ಲದಿರುವುದು.

ಡೇಟಾಬೇಸ್ ಸಾಲುಗಳನ್ನು ಒಂದೊಂದಾಗಿ ಓದುವುದಿಲ್ಲ, ಪುಟಗಳಾಗಿ ಓದುತ್ತದೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸಿನಲ್ಲಿ ಒಂದು ಪುಟ 8 ಕೆಬಿ. ಮೈಎಸ್‌ಕ್ಯೂಎಲ್‌ನ ಇನ್ನೊಡಿಬಿ ಎಂಬ ಸಂಗ್ರಹ ವ್ಯವಸ್ಥೆಯಲ್ಲಿ 16 ಕೆಬಿ. ಟ್ಯಾಕ್ಸಿ ಸವಾರಿಯ ಸಾಲುಗಳು 8 ಕೆಬಿ ಪುಟವೊಂದರಲ್ಲಿ 50ರಷ್ಟು ಹಿಡಿಸುತ್ತವೆ ಎಂದಿಟ್ಟುಕೊಳ್ಳಿ. 8 ಕೋಟಿ ಸಾಲಿಗೆ 16 ಲಕ್ಷ ಪುಟ, ಅಂದರೆ ಸುಮಾರು 13 ಜಿಬಿ. ಇಂಡೆಕ್ಸ್ ಇಲ್ಲದಿದ್ದರೆ ಜನವರಿ 15 ಎಲ್ಲಿದೆ ಎಂದು ಯಂತ್ರಕ್ಕೆ ಗೊತ್ತಾಗುವ ದಾರಿಯೇ ಇಲ್ಲ. 16 ಲಕ್ಷ ಪುಟಗಳನ್ನೂ ತಿರುವಿ ಹಾಕಿ, ಪ್ರತಿ ಸಾಲಿನ ತಾರೀಖು ನೋಡಿ, ಬೇಡದ್ದನ್ನು ಬಿಸಾಡುತ್ತದೆ. ಒಂದು ದಿನದ ಸವಾರಿಗಳು ಸರಾಸರಿ ಎರಡು ಲಕ್ಷ ಚಿಲ್ಲರೆ. ಅವು ಒಟ್ಟಿಗೇ ಇದ್ದರೆ 4,400 ಪುಟಗಳಲ್ಲಿ ಮುಗಿಯಬೇಕು. 36 ಎಂಬಿಯ ಕೆಲಸಕ್ಕೆ 13 ಜಿಬಿ ಓದು.

ಇದಕ್ಕೆ ಪರಿಹಾರ ಸಿಕ್ಕಿ ಐವತ್ತು ವರ್ಷ ದಾಟಿತು. ವಿಮಾನ ತಯಾರಿಸುವ ಬೋಯಿಂಗ್ ಕಂಪನಿಯ ಸಂಶೋಧನಾಲಯದಲ್ಲಿದ್ದ ರುಡಾಲ್ಫ್ ಬೇಯರ್ ಮತ್ತು ಎಡ್ವರ್ಡ್ ಮೆಕ್ರೈಟ್ ರೂಪಿಸಿದ ಬಿ-ಟ್ರೀ 1972ರಲ್ಲಿ ಪ್ರಬಂಧವಾಗಿ ಅಚ್ಚಾಯಿತು. ಇವತ್ತಿಗೂ ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್, ಒರಾಕಲ್, ಎಸ್‌ಕ್ಯೂಎಲ್ ಸರ್ವರ್ ಎಲ್ಲದರಲ್ಲೂ ಇಂಡೆಕ್ಸ್ ಅಂದರೆ ಮೊದಲು ಅದೇ, ಅಥವಾ ಅದರ ಸಂತತಿ. ಕಾಲಂನ ಬೆಲೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ, ಪ್ರತಿಯೊಂದರ ಪಕ್ಕದಲ್ಲೂ ಮೂಲ ಸಾಲು ಇರುವ ಜಾಗದ ಗುರುತನ್ನು ಬರೆದಿಡುವುದು ಅದರ ಕೆಲಸ. ಕೆಳಗಿನ ಮಟ್ಟದ ಪುಟಗಳಲ್ಲಿ ಎಲ್ಲ ನಮೂದುಗಳೂ ಇರುತ್ತವೆ. ಮೇಲಿನ ಮಟ್ಟಗಳಲ್ಲಿ, ಯಾವ ಬೆಲೆಗೆ ಯಾವ ಪುಟಕ್ಕೆ ಇಳಿಯಬೇಕು ಎಂಬ ದಾರಿಸೂಚಿ ಮಾತ್ರ.

ಪೋಸ್ಟ್‌ಗ್ರೆಸ್ ದಿನ ಮತ್ತು ಹೊತ್ತನ್ನು 8 ಬೈಟಿನ ಒಂದು ಪೂರ್ಣಾಂಕವಾಗಿ ಇಡುತ್ತದೆ. 2000ನೇ ಇಸವಿಯ ಜನವರಿ 1ರಿಂದ ಎಷ್ಟು ಮೈಕ್ರೊಸೆಕೆಂಡು ಕಳೆದಿದೆ ಎಂಬ ಲೆಕ್ಕ ಅದು. ನಮಗೆ ತಿಂಗಳು, ವಾರ, ಅಧಿಕಮಾಸ ಎಲ್ಲ ಇರಬಹುದು. ಯಂತ್ರಕ್ಕೆ ಕಾಲವೆಂದರೆ ಒಂದು ಉದ್ದನೆಯ ಗೆರೆ, ತಾರೀಖೆಂದರೆ ಆ ಗೆರೆಯ ಮೇಲಿನ ಒಂದು ಚುಕ್ಕೆ. ಇಂಥ ನಮೂದುಗಳು ಒಂದು ಪುಟದಲ್ಲಿ 360ರ ಆಸುಪಾಸು ಹಿಡಿಸುತ್ತವೆ. ಒಂದು ಮಟ್ಟ ಇಳಿದಾಗಲೆಲ್ಲ ಹುಡುಕಬೇಕಾದ ರಾಶಿ 360ರಲ್ಲಿ ಒಂದು ಪಾಲಾಗುತ್ತದೆ. 8 ಕೋಟಿ ಸಾಲಿಗೆ ನಾಲ್ಕು ಮಟ್ಟ ಸಾಕು. ಟೇಬಲ್ ಹತ್ತು ಪಟ್ಟು ಬೆಳೆದು 80 ಕೋಟಿಯಾದರೂ ಅದೇ ನಾಲ್ಕು. ಅಂದರೆ ಜನವರಿ 15ರ ನಡುರಾತ್ರಿ 12 ಗಂಟೆಯ ಜಾಗ ಹುಡುಕಲು ನಾಲ್ಕು ಪುಟ ಓದಿದರಾಯಿತು. ಅಲ್ಲಿಂದ ಮುಂದಕ್ಕೆ ಪಕ್ಕದ ಪುಟ, ಅದರ ಪಕ್ಕದ ಪುಟ ಎಂದು ಸಾಗುತ್ತ, 16ನೇ ತಾರೀಖು ಎದುರಾದ ಕ್ಷಣ ನಿಲ್ಲುವುದು. ಕ್ರಮವಾಗಿ ಜೋಡಿಸಿಟ್ಟ ವಸ್ತುವಿನಲ್ಲಿ ಒಂದು ತುಂಡನ್ನು ಕತ್ತರಿಸಿ ಕೊಡುವುದಕ್ಕೆ ಇದಕ್ಕಿಂತ ಹೇಳಿ ಮಾಡಿಸಿದ ಸಲಕರಣೆ ಇಲ್ಲ. ಆದ್ದರಿಂದಲೇ ತಾರೀಖಿನ ಕ್ವೆರಿ ನಿಧಾನವಾಗಿದೆ ಎಂದು ಯಾರಾದರೂ ದೂರಿದರೆ ನನಗೆ ಮೊದಲು ಅನುಮಾನ ಬರುವುದು ಕ್ವೆರಿಯ ಮೇಲೆಯೇ.

ಯಾಕೆಂದರೆ ಇಂಡೆಕ್ಸ್ ಕಟ್ಟಿದ ಮೇಲೂ ಎಷ್ಟೋ ಕಡೆ ವೇಗ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಕಾರಣ ಸಾಮಾನ್ಯವಾಗಿ ಒಂದೇ. ಬರೆದವರು ಕಾಲಂಗೆ ಫಂಕ್ಷನ್ ತೊಡಿಸಿರುತ್ತಾರೆ. ಹತ್ತಿದ ಸಮಯದ ಕಾಲಂನ ಹೆಸರು ‘ಪಿಕಪ್’ ಎಂದುಕೊಳ್ಳೋಣ. ‘ವೇರ್ ಡೇಟ್(ಪಿಕಪ್) = 2019-01-15’ ಎಂದು ಬರೆಯುವುದು ಎಲ್ಲರ ಬೆರಳಿಗೂ ಮೊದಲು ಬರುವ ವಾಕ್ಯ. ಓದಲು ಚೆನ್ನ, ಉತ್ತರವೂ ಸರಿ. ಆದರೆ ಇಂಡೆಕ್ಸಿನಲ್ಲಿ ಜೋಡಿಸಿಟ್ಟಿರುವುದು ‘ಪಿಕಪ್’ ಬೆಲೆಗಳನ್ನು; ‘ಡೇಟ್(ಪಿಕಪ್)’ ಎಂಬ ಫಂಕ್ಷನ್ನಿನ ಫಲಿತಾಂಶಗಳನ್ನಲ್ಲ. ಆ ಫಂಕ್ಷನ್ ಒಳಗೆ ಏನು ಮಾಡುತ್ತದೆ, ಕ್ರಮ ಉಳಿಸುತ್ತದೋ ಕೆಡಿಸುತ್ತದೋ ಎಂಬುದು ಡೇಟಾಬೇಸಿಗೆ ತಿಳಿಯದು. ಹಾಗಾಗಿ 8 ಕೋಟಿ ಸಾಲುಗಳಿಗೂ ಫಂಕ್ಷನ್ ಓಡಿಸಿ ಹೋಲಿಸಿ ನೋಡುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ‘ಇಯರ್(ಪಿಕಪ್) = 2019’ ಎನ್ನುವುದು, ಒರಾಕಲ್‌ನಲ್ಲಿ ‘ಟು_ಚಾರ್’ ಹಾಕಿ ತಾರೀಖನ್ನು ಅಕ್ಷರವಾಗಿಸಿ ಹೋಲಿಸುವುದು, ಎಲ್ಲ ಇದೇ ಜಾತಿಯವು.

ಬರೆಯಬೇಕಾದ್ದು ಹೀಗೆ: ‘ವೇರ್ ಪಿಕಪ್ >= 2019-01-15 ಅಂಡ್ ಪಿಕಪ್ < 2019-01-16’. ಕಾಲಂ ಬರಿಮೈಯಲ್ಲಿ ಒಂದು ಕಡೆ, ಗಡಿ ಇನ್ನೊಂದು ಕಡೆ. ಲೆಕ್ಕಾಚಾರ ಏನೇ ಇದ್ದರೂ ಗಡಿಯ ಕಡೆಗೆ ತಳ್ಳಿ. ಅದನ್ನು ಯಂತ್ರ ಒಂದೇ ಒಂದು ಸಲ ಮಾಡಿ ಮುಗಿಸುತ್ತದೆ. ‘ಕಳೆದ 30 ದಿನ’ ಬೇಕಿದ್ದರೆ ಪಿಕಪ್‌ಗೆ 30 ದಿನ ಕೂಡಿಸಿ ಇವತ್ತಿನೊಂದಿಗೆ ಹೋಲಿಸಬೇಡಿ, ಇವತ್ತಿನಿಂದ 30 ದಿನ ಕಳೆದು ಪಿಕಪ್‌ನೊಂದಿಗೆ ಹೋಲಿಸಿ. ಗಣಿತದಲ್ಲಿ ಎರಡೂ ಒಂದೇ. ಇಂಡೆಕ್ಸಿನ ಮಟ್ಟಿಗೆ ಆಕಾಶಕ್ಕೂ ಭೂಮಿಗೂ ಇರುವಷ್ಟು ಅಂತರ.

ವ್ಯತ್ಯಾಸ ಕಣ್ಣಾರೆ ಕಾಣಬೇಕೆಂದರೆ ಕ್ವೆರಿಯ ಮುಂದೆ ‘ಎಕ್ಸ್‌ಪ್ಲೇನ್ ಅನಲೈಸ್’ ಸೇರಿಸಿ ಓಡಿಸಿ. ಪೋಸ್ಟ್‌ಗ್ರೆಸ್ ತಾನು ನಡೆದ ದಾರಿಯನ್ನು ಬರೆದು ತೋರಿಸುತ್ತದೆ. ಫಂಕ್ಷನ್ ತೊಡಿಸಿದ ಕ್ವೆರಿಗೆ ‘ಸೀಕ್ವೆನ್ಷಿಯಲ್ ಸ್ಕ್ಯಾನ್’ ಎಂದೂ, ಅದರ ಕೆಳಗೆ ‘ಫಿಲ್ಟರ್’ ಎಂದೂ, ಅದರಡಿ ‘ರೋಸ್ ರಿಮೂವ್ಡ್ ಬೈ ಫಿಲ್ಟರ್’ ಎಂದು ಕೋಟಿಗಳ ಅಂಕಿಯೂ ಬರುತ್ತದೆ. ಓದಿ ಬಿಸಾಡಿದ ಸಾಲುಗಳ ಲೆಕ್ಕ ಅದು. ಗಡಿ ಹಾಕಿದ ಕ್ವೆರಿಗೆ ‘ಇಂಡೆಕ್ಸ್ ಕಂಡೀಷನ್’ ಎಂಬ ಸಾಲು ಕಾಣಿಸುತ್ತದೆ, ಬಿಸಾಡಿದ ಲೆಕ್ಕ ಇರುವುದಿಲ್ಲ. ಅಂದಾಜು ಎಷ್ಟು ತಪ್ಪಿತ್ತು ಎಂಬುದನ್ನೂ ಅಲ್ಲೇ ನೋಡಬಹುದು. ಫಂಕ್ಷನ್ ತೊಡಿಸಿದಾಗ ಪೋಸ್ಟ್‌ಗ್ರೆಸ್ ಆಧಾರವಿಲ್ಲದೆ, ಒಟ್ಟು ಸಾಲುಗಳಲ್ಲಿ 200ರಲ್ಲಿ ಒಂದು ಪಾಲು ಸಿಗಬಹುದು ಎಂದು ಊಹಿಸಿಬಿಡುತ್ತದೆ. 8 ಕೋಟಿಗೆ ಅದು 4 ಲಕ್ಷ. ನೀವು ಕೇಳಿದ್ದು ಕ್ರಿಸ್‌ಮಸ್ ದಿನವೋ ಸಾದಾ ಶುಕ್ರವಾರವೋ, ಉತ್ತರ ಅದೇ 4 ಲಕ್ಷ.

ಮೇಲಿನ ಗಡಿಯಲ್ಲಿ ಯಾಕೆ ‘16ಕ್ಕಿಂತ ಕಡಿಮೆ’ ಎಂದು ಬರೆದೆ ಎಂಬುದಕ್ಕೆ ಎರಡು ಮಾತು ಹೇಳಲೇಬೇಕು. ‘ಬಿಟ್ವೀನ್ 2019-01-01 ಅಂಡ್ 2019-01-31’ ಎಂದು ಬರೆದರೆ ಇಡೀ ಜನವರಿ ಬಂತು ಎಂದು ಬಹಳ ಜನ ನಂಬಿದ್ದಾರೆ. ಬರುವುದಿಲ್ಲ. ಹೊತ್ತು ಬರೆಯದ ತಾರೀಖನ್ನು ಯಂತ್ರ ಆ ದಿನದ ನಡುರಾತ್ರಿ 12 ಗಂಟೆ ಎಂದು ಓದುತ್ತದೆ. 31ರಂದು 12 ಗಂಟೆ ಒಂದು ಸೆಕೆಂಡಿಗೆ ಹೊರಟ ಟ್ಯಾಕ್ಸಿಯಿಂದ ಹಿಡಿದು ಆ ದಿನದ ಸವಾರಿಗಳೆಲ್ಲ ಲೆಕ್ಕದಿಂದ ಹೊರಗೆ. ತಿಂಗಳ ಕೊನೆಯ ದಿನದ ವಹಿವಾಟು ಮಾಯವಾದ ವರದಿಗಳಿಗೆ ಸಹಿ ಹಾಕಿದ ಅಧಿಕಾರಿಗಳು ನಮ್ಮಲ್ಲಿ ಕಡಿಮೆ ಇರಲಾರರು. ಇದನ್ನು ಸರಿಪಡಿಸಲು ಕೆಲವರು 23:59:59 ಎಂದು ಸೇರಿಸುತ್ತಾರೆ. ಕೊನೆಯ ಸೆಕೆಂಡಿನ ಒಳಗೆ ಬಿದ್ದದ್ದು ಆಗಲೂ ತಪ್ಪುತ್ತದೆ. ಇನ್ನೂ ಜಾಗರೂಕರು 23:59:59.999 ಎನ್ನುತ್ತಾರೆ. ಎಸ್‌ಕ್ಯೂಎಲ್ ಸರ್ವರಿನ ಹಳೆಯ ‘ಡೇಟ್‌ಟೈಮ್’ ಮಾದರಿ ಸೆಕೆಂಡಿನ 300ರಲ್ಲೊಂದು ಭಾಗದಷ್ಟು ಮಾತ್ರ ನಿಖರ, ಆ .999 ಅನ್ನು ಅದು ಮುಂದಿನ ದಿನದ ಸೊನ್ನೆ ಗಂಟೆಗೆ ದುಂಡಾಗಿಸುತ್ತದೆ. ಈಗ ಫೆಬ್ರವರಿಯ ನಡುರಾತ್ರಿಯದೂ ಜನವರಿಗೆ ಸೇರಿತು! ಶುರುವಿನ ಗಡಿ ಸೇರಿಸಿ, ಕೊನೆಯ ಗಡಿ ಬಿಟ್ಟು ಬರೆದರೆ ಈ ತಾಪತ್ರಯ ಯಾವುದೂ ಇಲ್ಲ. ತಿಂಗಳಿಗೆ 28 ದಿನವೋ 31ವೋ ಎಂದು ಲೆಕ್ಕ ಹಾಕುವ ಗೋಜೂ ಇಲ್ಲ.

ಎಲ್ಲ ಡೇಟಾಬೇಸುಗಳೂ ಇಷ್ಟು ಮೊಂಡಲ್ಲ ಎಂಬುದನ್ನೂ ಹೇಳಬೇಕು. ಎಸ್‌ಕ್ಯೂಎಲ್ ಸರ್ವರ್ 2008ರ ಆವೃತ್ತಿಯಿಂದ, ಡೇಟ್‌ಟೈಮ್ ಕಾಲಂ ಅನ್ನು ‘ಡೇಟ್’ ಆಗಿ ಬದಲಿಸಿ ಹೋಲಿಸಿದರೂ ಒಳಗೊಳಗೇ ಗಡಿಗಳನ್ನು ಕಂಡುಕೊಂಡು ಇಂಡೆಕ್ಸ್ ಬಳಸುತ್ತದೆ. ಮರಿಯಾಡಿಬಿ 11.1ರಿಂದ ‘ಇಯರ್’ ಮತ್ತು ‘ಡೇಟ್’ ಫಂಕ್ಷನ್‌ಗಳನ್ನು ತಾನೇ ಬಿಡಿಸಿಕೊಳ್ಳುತ್ತದೆ. ಒಳ್ಳೆಯದೇ. ಆದರೆ ನಾಳೆ ಡೇಟಾಬೇಸ್ ಬದಲಾದರೆ ಆ ಸೌಕರ್ಯ ಜೊತೆಗೆ ಬರುವುದಿಲ್ಲ. ಗಡಿ ಹಾಕಿದ ಕ್ವೆರಿ ಎಲ್ಲಿ ಹೋದರೂ ಓಡುತ್ತದೆ. ಒರಾಕಲ್‌ನಲ್ಲಿ ಈ ಸೌಕರ್ಯಕ್ಕೆ ತದ್ವಿರುದ್ಧವಾದ ಒಂದು ಗುಪ್ತ ಗುಂಡಿ ಇದೆ. ಕಾಲಂ ‘ಡೇಟ್’ ಮಾದರಿಯದಾಗಿದ್ದು, ಜಾವಾ ಪ್ರೋಗ್ರಾಂ ‘ಟೈಮ್‌ಸ್ಟ್ಯಾಂಪ್’ ಕಳಿಸಿದರೆ, ಒರಾಕಲ್ ತಾನಾಗಿ ಕಾಲಂಗೆ ಪರಿವರ್ತನೆಯ ಫಂಕ್ಷನ್ ತೊಡಿಸುತ್ತದೆ. ಬರೆದವರು ಎಲ್ಲೂ ಫಂಕ್ಷನ್ ಹಾಕಿಲ್ಲ, ಆದರೂ ಇಂಡೆಕ್ಸ್ ಬಳಕೆಯಾಗುವುದಿಲ್ಲ. ಎಕ್ಸಿಕ್ಯೂಷನ್ ಪ್ಲಾನ್ ತೆಗೆದು ‘ಇಂಟರ್ನಲ್ ಫಂಕ್ಷನ್’ ಎಂಬ ಪದ ಕಂಡಾಗಲೇ ಕಳ್ಳ ಸಿಕ್ಕಿಬೀಳುವುದು.

ತಾರೀಖನ್ನು ಅಕ್ಷರವಾಗಿಯೇ ಇಟ್ಟಿದ್ದರಂತೂ ಮಾತೇ ಬೇಡ. ದಿನ-ತಿಂಗಳು-ವರ್ಷ ಎಂದು ಬರೆಯುವುದು ನಮ್ಮ ರೂಢಿ. ಎಕ್ಸೆಲ್‌ನಿಂದ ಬಂದ ‘15-01-2019’ ಅನ್ನು ಹಾಗೆಯೇ ‘ವಾರ್‌ಚಾರ್’ ಕಾಲಂಗೆ ತುಂಬಿಬಿಡುವ ಅಭ್ಯಾಸ ನಮ್ಮ ಕಚೇರಿಗಳ ತಂತ್ರಾಂಶಗಳಲ್ಲಿ ವಿಪರೀತ. ಅಕ್ಷರವಾಗಿ ಜೋಡಿಸಿದಾಗ 01-12-2019 ಎಂಬುದು 02-01-2019ಕ್ಕಿಂತ ಮೊದಲು ಬರುತ್ತದೆ. ಎಲ್ಲ ವರ್ಷಗಳ ಎಲ್ಲ ತಿಂಗಳ ಒಂದನೇ ತಾರೀಖುಗಳು ಒಂದು ಗುಂಪು, ಎರಡನೇ ತಾರೀಖುಗಳು ಇನ್ನೊಂದು. ಇದರ ಮೇಲೆ ಇಂಡೆಕ್ಸ್ ಕಟ್ಟಿದರೆ ‘ಜನವರಿ ತಿಂಗಳು’ ಎಂಬ ತುಂಡು ಅದರಲ್ಲಿ ಎಲ್ಲೂ ಒಟ್ಟಾಗಿ ಸಿಗುವುದಿಲ್ಲ. ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ ಎಂಬ ಐಎಸ್‌ಒ 8601 ಮಾನದಂಡ 1988ರಷ್ಟು ಹಿಂದೆಯೇ ಬಂದಿದೆ. ಆದರೂ ಅಕ್ಷರದ ಸಹವಾಸವೇ ಬೇಡ, ‘ಡೇಟ್’ ಮಾದರಿಯನ್ನೇ ಬಳಸಿ. ಪೋಸ್ಟ್‌ಗ್ರೆಸ್‌ನಲ್ಲಿ ಅದಕ್ಕೆ 4 ಬೈಟು, ಮೈಎಸ್‌ಕ್ಯೂಎಲ್‌ನಲ್ಲಿ 3. ಹತ್ತು ಅಕ್ಷರದ ತಾರೀಖಿಗಿಂತ ಜಾಗವೂ ಕಡಿಮೆ, ಫೆಬ್ರವರಿ 30 ಒಳಗೆ ನುಸುಳುವ ಭಯವೂ ಇಲ್ಲ.

ಫಂಕ್ಷನ್ ಬೇಕೇ ಬೇಕು ಎನ್ನುವ ಪ್ರಶ್ನೆಗಳೂ ಇವೆ. ಯಾವ ವರ್ಷವಾದರೂ ಸರಿ, ಡಿಸೆಂಬರ್ 31ರ ಸವಾರಿಗಳು ಬೇಕು. ಇವತ್ತು ಹುಟ್ಟುಹಬ್ಬ ಇರುವ ಗ್ರಾಹಕರಿಗೆ ಮೆಸೇಜ್ ಹೋಗಬೇಕು. ಇದು ಕಾಲದ ಗೆರೆಯ ಮೇಲಿನ ಒಂದು ತುಂಡಲ್ಲ, ವರ್ಷಕ್ಕೊಂದರಂತೆ ಚದುರಿದ ಚೂರುಗಳು. ಇಲ್ಲಿ ಫಂಕ್ಷನ್ನಿನ ಫಲಿತಾಂಶದ ಮೇಲೆಯೇ ಇಂಡೆಕ್ಸ್ ಕಟ್ಟಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಈ ಸೌಲಭ್ಯ ಬಹಳ ಹಿಂದಿನಿಂದ ಇದೆ, ಮೈಎಸ್‌ಕ್ಯೂಎಲ್‌ಗೆ 2018ರಲ್ಲಿ 8.0.13ರೊಂದಿಗೆ ಬಂತು.

ಆದರೆ ಟೈಮ್‌ಜೋನ್ ಇರುವ ಕಾಲಂ ಮೇಲೆ ‘ಡೇಟ್(ಪಿಕಪ್)’ ಇಂಡೆಕ್ಸ್ ಕಟ್ಟಲು ಹೊರಟರೆ, ಫಂಕ್ಷನ್ ‘ಇಮ್ಯೂಟಬಲ್’, ಅಂದರೆ ಯಾವಾಗಲೂ ಒಂದೇ ಉತ್ತರ ಕೊಡುವಂಥದ್ದು, ಆಗಿರಬೇಕು ಎಂದು ಪೋಸ್ಟ್‌ಗ್ರೆಸ್ ಕೈ ಅಡ್ಡ ಹಿಡಿಯುತ್ತದೆ. ಹೊಸಬರು ಇದನ್ನು ಯಂತ್ರದ ಹಠ ಅಂದುಕೊಳ್ಳುತ್ತಾರೆ. ಅದು ಕೇಳುತ್ತಿರುವುದು ನ್ಯಾಯವಾದ ಪ್ರಶ್ನೆ: ಯಾವ ಊರಿನ ತಾರೀಖು? ಭಾರತದ ಗಡಿಯಾರ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ. ನಮ್ಮ 16ನೇ ತಾರೀಖು ಶುರುವಾಗುವಾಗ ಯುಟಿಸಿಯಲ್ಲಿ ಇನ್ನೂ 15ರ ಸಂಜೆ ಆರೂವರೆ. ಯುಟಿಸಿ ಇಟ್ಟುಕೊಂಡ ಸರ್ವರಿನಲ್ಲಿ ಕಣ್ಣುಮುಚ್ಚಿ ‘ಡೇಟ್’ ಹಾಕಿದರೆ ನಡುರಾತ್ರಿಯಿಂದ ಬೆಳಗಿನ ಐದೂವರೆವರೆಗಿನ ವಹಿವಾಟೆಲ್ಲ ಹಿಂದಿನ ದಿನಕ್ಕೆ ಜಮೆಯಾಗುತ್ತದೆ. ಹಾಲು, ಪೇಪರು, ತರಕಾರಿ ಮಂಡಿಯವರಿಗೆ ದಿನದ ಮುಖ್ಯ ವ್ಯಾಪಾರವೇ ಆ ಹೊತ್ತಿನದು. ಇಂಡೆಕ್ಸಿನೊಳಗೆ ‘ಏಷ್ಯಾ/ಕೋಲ್ಕತಾ’ ಎಂದು ಜೋನ್ ಹೆಸರು ಬರೆದುಬಿಟ್ಟರೆ ಪೋಸ್ಟ್‌ಗ್ರೆಸ್ ತಕರಾರಿಲ್ಲದೆ ಒಪ್ಪುತ್ತದೆ. ಇಲ್ಲವೇ ಮತ್ತೆ ಗಡಿಯ ದಾರಿಗೇ ಬನ್ನಿ: ಗಡಿಗಳನ್ನೇ +05:30 ಸೇರಿಸಿ ಬರೆಯಿರಿ, ಸಾದಾ ಇಂಡೆಕ್ಸ್ ಸಾಕು.

ನಮಗೆ ಗಡಿಯಾರ ಹಿಂದೆ ಮುಂದೆ ಮಾಡುವ ಪದ್ಧತಿ ಇಲ್ಲದಿರುವುದು ಪುಣ್ಯ. ನ್ಯೂಯಾರ್ಕಿನಲ್ಲಿ 2019ರ ನವೆಂಬರ್ 3ರಂದು ರಾತ್ರಿ 1ರಿಂದ 2ರವರೆಗಿನ ಗಂಟೆ ಎರಡು ಸಲ ಬಂತು. ಟ್ಯಾಕ್ಸಿ ಪಟ್ಟಿಯಲ್ಲಿರುವುದು ಜೋನ್ ಬರೆಯದ ಸ್ಥಳೀಯ ಸಮಯ. ಆ ರಾತ್ರಿ ಹತ್ತಿದವರು ಹತ್ತುವ ಮೊದಲೇ ಇಳಿದಂತೆ ಲೆಕ್ಕ ತೋರಿಸಿದರೆ ಬೆರಗಾಗಬೇಕಿಲ್ಲ.

ಬರೀ ತಾರೀಖನ್ನಷ್ಟೇ ಕೇಳುವವರು ವಿರಳ. ಇಂಥ ಗ್ರಾಹಕನ ಹೋದ ತಿಂಗಳ ವಹಿವಾಟು, ಇಂಥ ಶಾಖೆಯ ಈ ವಾರದ ಜಮೆ, ಹೀಗೆ ಎರಡು ಷರತ್ತು ಜೋಡಿಯಾಗಿಯೇ ಬರುತ್ತವೆ. ಟ್ಯಾಕ್ಸಿ ಪಟ್ಟಿಯಲ್ಲಿ ನಗರವನ್ನು ವಲಯಗಳಾಗಿ ಹಂಚಿ ಸಂಖ್ಯೆ ಕೊಟ್ಟಿದ್ದಾರೆ. ಜೆಎಫ್‌ಕೆ ವಿಮಾನ ನಿಲ್ದಾಣ 132. ‘ಜನವರಿ ಮೊದಲ ವಾರದಲ್ಲಿ 132ರಿಂದ ಹೊರಟ ಸವಾರಿಗಳು’ ಎಂಬ ಪ್ರಶ್ನೆಗೆ ಎರಡು ಕಾಲಂಗಳ ಒಂದು ಇಂಡೆಕ್ಸ್ ಬೇಕು. ಯಾವುದು ಮೊದಲು, ವಲಯವೋ ಸಮಯವೋ?

ಹಳೆಯ ವರ್ತಕರ ಅಂಗಡಿಯಲ್ಲಿ ಎರಡು ಪುಸ್ತಕ ಇರುತ್ತಿದ್ದವು. ಕಿರ್ದಿಯಲ್ಲಿ ದಿನದ ವ್ಯವಹಾರವೆಲ್ಲ ನಡೆದ ಕ್ರಮದಲ್ಲಿ. ಖಾತೆ ಪುಸ್ತಕದಲ್ಲಿ ಗಿರಾಕಿಗೊಂದು ಪುಟ, ಆ ಪುಟದೊಳಗೆ ತಾರೀಖಿನ ಕ್ರಮದಲ್ಲಿ ಅವನ ಕೊಡು-ಕೊಳ್ಳು. ಒಬ್ಬ ಗಿರಾಕಿಯ ಒಂದು ತಿಂಗಳ ಬಾಕಿ ಬೇಕಾದಾಗ ಶೆಟ್ಟರು ಕಿರ್ದಿಯ ಮೂವತ್ತು ದಿನ ತಿರುವುತ್ತಿರಲಿಲ್ಲ, ಖಾತೆ ತೆಗೆಯುತ್ತಿದ್ದರು. (ಸಮಯ, ವಲಯ) ಎಂಬ ಇಂಡೆಕ್ಸ್ ಕಿರ್ದಿ; (ವಲಯ, ಸಮಯ) ಖಾತೆ. ಕಿರ್ದಿಯ ಮೂಲಕ ಹೋದರೆ ಆ ವಾರದ ಎಲ್ಲ ವಲಯಗಳ ನಮೂದುಗಳನ್ನೂ ಓದಿ, ಅದರಲ್ಲಿ 132 ಮಾತ್ರ ಆರಿಸಬೇಕು. ಖಾತೆಯಲ್ಲಿ 132ರ ಜನವರಿ 1ಕ್ಕೆ ನೇರವಾಗಿ ಇಳಿದು, ಜನವರಿ 8ರ ಹೊಸ್ತಿಲಲ್ಲಿ ನಿಂತರಾಯಿತು, ಒಂದು ನಮೂದೂ ವ್ಯರ್ಥವಿಲ್ಲ. ‘ಸಮ’ ಎಂದು ಹೋಲಿಸುವ ಕಾಲಂ ಮುಂದೆ, ‘ಇಂದ–ವರೆಗೆ’ ಎನ್ನುವ ತಾರೀಖು ಹಿಂದೆ ಎಂಬುದು ಈ ಕಸುಬಿನಲ್ಲಿ ಬಾಯಿಪಾಠ ಆಗಬೇಕಾದ ಸೂತ್ರ. ಇದರಿಂದ ಇನ್ನೊಂದು ಲಾಭವೂ ಇದೆ. ‘132ರ ತೀರಾ ಈಚಿನ ಹತ್ತು ಸವಾರಿ’ ಎಂದರೆ ಮತ್ತೆ ಜೋಡಿಸುವ ಕೆಲಸವಿಲ್ಲ, ಅದೇ ಇಂಡೆಕ್ಸನ್ನು ಕೊನೆಯಿಂದ ಹಿಂದಕ್ಕೆ ಹತ್ತು ಹೆಜ್ಜೆ ಓದಿದರೆ ಮುಗಿಯಿತು. ಫೋನಿನ ಆ್ಯಪುಗಳಲ್ಲಿ ‘ಇತ್ತೀಚಿನ ವಹಿವಾಟು’ ಎಂದು ಕಾಣುವ ಪಟ್ಟಿಗೆ ಒಗ್ಗುವುದು ಈ ಮಾದರಿಯ ಇಂಡೆಕ್ಸೇ.

ಇಷ್ಟೆಲ್ಲ ಮಾಡಿದ ಮೇಲೂ ಕೆಲವು ಸಲ ಡೇಟಾಬೇಸ್ ಇಂಡೆಕ್ಸನ್ನು ಪಕ್ಕಕ್ಕಿಟ್ಟು ಇಡೀ ಟೇಬಲ್ಲನ್ನೇ ಓದುತ್ತದೆ. ಅದಕ್ಕೆ ಬೈಯುವ ಮುನ್ನ ಅದರ ಲೆಕ್ಕ ಕೇಳಿ. ಯಾವ ದಾರಿಗೆ ಎಷ್ಟು ಖರ್ಚು ಎಂದು ಅಂದಾಜಿಸಿ ಅಗ್ಗದ್ದನ್ನು ಆರಿಸುವ ವಿಧಾನವನ್ನು ಐಬಿಎಂನ ಪೆಟ್ರೀಶಿಯಾ ಸೆಲಿಂಜರ್ ಮತ್ತು ಸಂಗಡಿಗರು 1979ರಲ್ಲಿ ಪ್ರಕಟಿಸಿದರು. ಇಂದಿನ ಡೇಟಾಬೇಸುಗಳೂ ಬಹುಮಟ್ಟಿಗೆ ಅದೇ ಹಾದಿಯಲ್ಲಿವೆ. ಪೋಸ್ಟ್‌ಗ್ರೆಸ್ ಸಾಲಾಗಿ ಓದುವ ಪುಟಕ್ಕೆ 1, ಅಲ್ಲಲ್ಲಿ ಜಿಗಿದು ಓದುವ ಪುಟಕ್ಕೆ 4 ಎಂದು ದರ ಹಾಕಿಕೊಂಡಿದೆ. ಇಡೀ ಆರು ತಿಂಗಳ ಸವಾರಿ ಕೇಳಿದರೆ ಟೇಬಲ್ಲಿನ ಅರ್ಧ ಭಾಗ ಹೇಗೂ ಬೇಕು, ಸಾಲುಗಳು ಚದುರಿದ್ದರೆ ಜಿಗಿಯುತ್ತ ಕೂರುವುದಕ್ಕಿಂತ ಒಂದೇ ಸಮನೆ ಓದುವುದೇ ಲಾಭ. ಇಲ್ಲಿ ಯಂತ್ರ ಹೇಳಿದ್ದೇ ಸರಿ. ಆದರೆ 1:4 ಎಂಬುದು ತಿರುಗುವ ಹಾರ್ಡ್ ಡಿಸ್ಕಿನ ಕಾಲದ ದರ. ಎಸ್‌ಎಸ್‌ಡಿ ಇರುವವರು ಅದನ್ನು 1.1ರ ಹತ್ತಿರಕ್ಕೆ ಇಳಿಸಿಕೊಳ್ಳುವುದು ವಾಡಿಕೆ.

ಅಂದಾಜು ಕೆಡುವ ಇನ್ನೊಂದು ಕಡೆ ಎಂದರೆ ಹೊಸ ತಾರೀಖುಗಳು. ಯಾವ ತಾರೀಖಿನ ಸಾಲು ಎಷ್ಟಿವೆ ಎಂಬ ಅಂಕಿಅಂಶವನ್ನು ಡೇಟಾಬೇಸ್ ಆಗಾಗ ತಾಜಾ ಮಾಡಿಕೊಳ್ಳುತ್ತದೆ. ಪೋಸ್ಟ್‌ಗ್ರೆಸ್‌ನ ಮೂಲ ಸೆಟ್ಟಿಂಗ್‌ನಲ್ಲಿ ಇದು ನಡೆಯುವುದು ಟೇಬಲ್ಲಿನ ಸುಮಾರು ಶೇ 10ರಷ್ಟು ಬದಲಾದ ಮೇಲೆ. 8 ಕೋಟಿಗೆ ಅದು 80 ಲಕ್ಷ ಸಾಲು, ಜನವರಿ ತಿಂಗಳೊಂದಕ್ಕಿಂತ ಹೆಚ್ಚು. ಅಂದರೆ ಹೊಸದೊಂದು ತಿಂಗಳು ಪೂರ್ತಿ ತುಂಬಿದ ಮೇಲೂ ಅಂಕಿಅಂಶದ ಮಟ್ಟಿಗೆ ಆ ತಿಂಗಳು ಇನ್ನೂ ಹುಟ್ಟಿಲ್ಲ. ಎಲ್ಲರೂ ಕೇಳುವುದೋ ಆ ಹೊಸ ತಿಂಗಳನ್ನೇ. ಕಡತ ತುಂಬಿದ ಕೂಡಲೇ ‘ಅನಲೈಸ್’ ಎಂಬ ಒಂದು ಆಜ್ಞೆ ಓಡಿಸಿದರೆ ಸಾಕು.

ಈಗ 2088ರ ಟ್ಯಾಕ್ಸಿಗೆ ಬರೋಣ, ಅದಕ್ಕೆ ಮೊದಲು ಇಂಡೆಕ್ಸಿನ ಗಾತ್ರದ ಮಾತು. 8 ಕೋಟಿ ಸಾಲಿನ ತಾರೀಖಿಗೆ ಬಿ-ಟ್ರೀ ಕಟ್ಟಿದರೆ ಅದೇ ಒಂದು ಜಿಬಿಯ ಮೇಲೆ ಜಾಗ ಕೇಳಬಲ್ಲದು. ವರ್ಷಗಟ್ಟಲೆ ಬೆಳೆಯುವ ಲಾಗ್, ಮೀಟರ್ ರೀಡಿಂಗ್, ಸೆನ್ಸರ್ ಪಟ್ಟಿಗಳಿಗೆ ಇದು ಹೊರೆ. ಇಂಥವಕ್ಕೆಂದೇ 2016ರ ಜನವರಿಯಲ್ಲಿ ಬಂದ ಪೋಸ್ಟ್‌ಗ್ರೆಸ್ 9.5ರಲ್ಲಿ ‘ಬ್ರಿನ್’ ಎಂಬ ಇಂಡೆಕ್ಸ್ ಸೇರಿತು. ಅದು ಸಾಲಿಗೊಂದು ನಮೂದು ಇಡುವುದಿಲ್ಲ. 128 ಪುಟಗಳ, ಅಂದರೆ ಒಂದು ಎಂಬಿಯ ಗುಂಪಿಗೆ ಒಂದೇ ಟಿಪ್ಪಣಿ: ಇದರೊಳಗಿನ ಅತಿ ಹಳೆಯ ತಾರೀಖು ಇದು, ಅತಿ ಹೊಸದು ಇದು. 16 ಲಕ್ಷ ಪುಟಕ್ಕೆ 12,500 ಟಿಪ್ಪಣಿ. ಎಲ್ಲ ಸೇರಿ ಒಂದು ಎಂಬಿಯೂ ಆಗದು. ಜನವರಿ 15 ಕೇಳಿದರೆ, ಆ ದಿನ ಯಾವ ಗುಂಪಿನ ಎರಡು ತುದಿಗಳ ನಡುವೆ ಬೀಳಬಹುದೋ ಆ ಗುಂಪುಗಳನ್ನಷ್ಟೇ ಓದುತ್ತದೆ. ಸಾಲುಗಳು ಡಿಸ್ಕಿನಲ್ಲಿ ತಾರೀಖಿನ ಕ್ರಮದಲ್ಲೇ ಕೂತಿದ್ದರೆ ಇಷ್ಟು ಅಗ್ಗದ ವೇಗ ಬೇರೆಲ್ಲೂ ಸಿಗದು. ತಿಂಗಳ ಕಡತಗಳನ್ನು ಒಂದರ ಹಿಂದೊಂದು ತುಂಬಿದರೆ ತಿಂಗಳ ಮಟ್ಟಿಗಾದರೂ ಆ ಕ್ರಮ ತಾನಾಗಿ ಬರುತ್ತದೆ.

ಆದರೆ 2001ರ ಸವಾರಿ, 2088ರ ಸವಾರಿ ಎರಡೂ ಬಂದು ಒಂದೇ ಗುಂಪಿನಲ್ಲಿ ಕೂತವು ಎನ್ನಿ. ಆ ಗುಂಪಿನ ಟಿಪ್ಪಣಿ ‘2001ರಿಂದ 2088’ ಎಂದಾಗುತ್ತದೆ. ಇನ್ನು ಮುಂದೆ ಯಾವ ದಿನ ಕೇಳಿದರೂ, ಜುಲೈ ಇರಲಿ ಡಿಸೆಂಬರ್ ಇರಲಿ, ಆ ಗುಂಪನ್ನು ತೆರೆದು ನೋಡಲೇಬೇಕು. ಬರೀ 2088ರ ಒಂದು ಸಾಲಿದ್ದರೂ ಜನವರಿಯಿಂದಾಚಿನ ಎಲ್ಲ ಪ್ರಶ್ನೆಗೂ ಅದು ಅಡ್ಡ ಬರುತ್ತದೆ. ಕೆಟ್ಟ ತಾರೀಖುಗಳು ಗುಂಪಿಗೊಂದರಂತೆ ಹರಡಿಕೊಂಡರೆ ಬ್ರಿನ್ ಇದ್ದೂ ಇಲ್ಲದಂತೆ. ಇಂಥ ಹೊರಗುಳಿದ ಬೆಲೆಗಳಿದ್ದರೂ ತಡೆದುಕೊಳ್ಳಲೆಂದು 2021ರ ಪೋಸ್ಟ್‌ಗ್ರೆಸ್ 14ರಲ್ಲಿ ‘ಮಿನ್‌ಮ್ಯಾಕ್ಸ್-ಮಲ್ಟಿ’ ಎಂಬ ಬಗೆ ಬಂದಿದೆ. ಅದು ಗುಂಪಿಗೆ ಒಂದೇ ವ್ಯಾಪ್ತಿ ಬರೆಯುವ ಬದಲು ಹಲವು ತುಂಡು ವ್ಯಾಪ್ತಿಗಳನ್ನು ಬರೆದಿಡುತ್ತದೆ. ಅದು ಸರಿಯೇ. ನನ್ನನ್ನು ಕೇಳಿದರೆ, ವರ್ಷದ ಹೊರಗಿನ ತಾರೀಖು ಬಾಗಿಲಲ್ಲೇ ನಿಲ್ಲುವಂತೆ ಟೇಬಲ್ಲಿಗೆ ‘ಚೆಕ್’ ಷರತ್ತು ಹಾಕುವುದು ಇನ್ನೂ ಸರಿ.

ಟೇಬಲ್ಲನ್ನೇ ತಿಂಗಳುವಾರು ತುಂಡರಿಸಿಡುವ ಪಾರ್ಟಿಷನ್ ಎಂಬ ದಾರಿಯೂ ಇದೆ. ಪೋಸ್ಟ್‌ಗ್ರೆಸ್ 10ರಿಂದ, ಅಂದರೆ 2017ರಿಂದ, ಅದನ್ನು ಟೇಬಲ್ ಕಟ್ಟುವಾಗಲೇ ನೇರವಾಗಿ ಹೇಳಬಹುದು. ಅದರ ನಿಜವಾದ ಸುಖ ಗೊತ್ತಾಗುವುದು ಹಳೆಯದನ್ನು ತೆಗೆಯುವಾಗ. ಕೋಟಿ ಸಾಲು ಅಳಿಸುವ ಬದಲು ಒಂದು ತಿಂಗಳ ತುಂಡನ್ನೇ ಕಿತ್ತುಹಾಕಿದರಾಯಿತು. ವೇಗಕ್ಕಾಗಿ ಮಾತ್ರ ಪಾರ್ಟಿಷನ್ ಮಾಡಲು ಹೊರಟವರಿಗೆ ಅಲ್ಲೂ ಇದೇ ಕಟ್ಟಳೆ ಇದೆ ಎಂದು ತಿಳಿದಿರಲಿ. ಕ್ವೆರಿಯಲ್ಲಿ ಕಾಲಂಗೆ ಫಂಕ್ಷನ್ ತೊಡಿಸಿದ್ದರೆ ಯಾವ ತಿಂಗಳ ತುಂಡು ಬೇಡ ಎಂಬುದು ಯಂತ್ರಕ್ಕೆ ತಿಳಿಯದೆ ಹನ್ನೆರಡನ್ನೂ ತೆರೆಯುತ್ತದೆ.

ಹಾಗೆಂದು ಸಿಕ್ಕಸಿಕ್ಕ ಕಾಲಂಗೆಲ್ಲ ಇಂಡೆಕ್ಸ್ ಕಟ್ಟಲು ಹೋಗಬೇಡಿ. ಪ್ರತಿ ಹೊಸ ಸಾಲು ಬಂದಾಗಲೂ ಟೇಬಲ್ಲಿನ ಜೊತೆಗೆ ಪ್ರತಿಯೊಂದು ಇಂಡೆಕ್ಸಿಗೂ ನಮೂದು ಬರೆಯಬೇಕು. ಓದು ಚುರುಕಾದಷ್ಟೂ ಬರವಣಿಗೆ ಭಾರವಾಗುತ್ತದೆ. ಯಾವ ಇಂಡೆಕ್ಸ್ ಎಷ್ಟು ಸಲ ಬಳಕೆಯಾಯಿತು ಎಂಬ ಎಣಿಕೆಯನ್ನು ಪೋಸ್ಟ್‌ಗ್ರೆಸ್ ತಾನೇ ಇಟ್ಟುಕೊಂಡಿರುತ್ತದೆ. ವರ್ಷವಿಡೀ ಸೊನ್ನೆ ತೋರಿಸುವ, ಯಾವ ನಿರ್ಬಂಧಕ್ಕೂ ಬೇಕಿಲ್ಲದ ಇಂಡೆಕ್ಸನ್ನು ಮುಲಾಜಿಲ್ಲದೆ ತೆಗೆಯಬಹುದು.

ನೀವು ಕೆಲಸ ಮಾಡುವ ಕಡೆ ತಾರೀಖಿನ ವರದಿ ತೆವಳುತ್ತಿದ್ದರೆ ಹೊಸ ಸರ್ವರಿಗೆ ಕೊಟೇಶನ್ ತರಿಸುವ ಮೊದಲು ಆ ಕ್ವೆರಿಯ ‘ವೇರ್’ ಸಾಲನ್ನು ಒಮ್ಮೆ ತೆಗೆಸಿ ನೋಡಿ. ಕಲಿಯುತ್ತಿರುವವರಾದರೆ ನ್ಯೂಯಾರ್ಕಿನ ಒಂದೇ ಒಂದು ತಿಂಗಳ ಕಡತ ಇಳಿಸಿಕೊಳ್ಳಿ. ಅದಕ್ಕೂ ದುಡ್ಡಿಲ್ಲ, ಪೋಸ್ಟ್‌ಗ್ರೆಸ್‌ಗೂ ದುಡ್ಡಿಲ್ಲ. ಒಂದೇ ಪ್ರಶ್ನೆಯನ್ನು ಫಂಕ್ಷನ್ ತೊಡಿಸಿ ಒಮ್ಮೆ, ಗಡಿ ಹಾಕಿ ಒಮ್ಮೆ ಓಡಿಸಿ, ‘ಎಕ್ಸ್‌ಪ್ಲೇನ್ ಅನಲೈಸ್’ ತೋರಿಸುವ ಎರಡು ಅಂಕಿಗಳನ್ನು ಪಕ್ಕಪಕ್ಕ ಬರೆದುಕೊಳ್ಳಿ.